ಬುವಾಕೆಯ ಬೀಜದ ಕಾರ್ಖಾನೆಯಲ್ಲಿ ಒಂದು ಹಂಗಾಮು

ಮಂಗಳೂರು, ಕಾರ್ಕಳ, ಕುಂದಾಪುರದ ಗೇರುಬೀಜದ (ಗೋಡಂಬಿ) ಕಾರ್ಖಾನೆಗಳ ಗೋದಾಮು ಹೊಕ್ಕವರಿಗೆ ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವ್ ಎಂಬ ಹೆಸರುಗಳು ಹೊಸವಲ್ಲ. ನಮ್ಮ ಗುಡ್ಡೆಗಳ ಗೇರು ನಮ್ಮ ಕಾರ್ಖಾನೆಗಳಿಗೆ ಸಾಲದು. ಉಳಿದದ್ದು ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಅದರಲ್ಲೂ ಐವರಿ ಕೋಸ್ಟ್ ವರ್ಷಕ್ಕೆ 10 ಲಕ್ಷ ಟನ್ನಿಗೂ ಮಿಕ್ಕಿ ಬೆಳೆದು ಜಗತ್ತಿನ ಮೊದಲ ಸ್ಥಾನದಲ್ಲಿದೆ. ಆದರೆ ಬೆಳೆದದ್ದರ ಬಹುಪಾಲು ಚಿಪ್ಪಿನ ಸಮೇತ ವಿಯೆಟ್ನಾಮಿಗೋ ಭಾರತಕ್ಕೋ ಹೋಗುತ್ತದೆ. ಬೀಜವನ್ನು ಬೆಳೆದ ನೆಲದಲ್ಲೇ ಒಡೆದು ತಿರುಳು ಮಾಡಿ ಕಳಿಸುವ ಪ್ರಯತ್ನ ಅಲ್ಲಿ ಹತ್ತಾರು ವರ್ಷದಿಂದ ನಡೆದಿದೆ. ಬೆನಿನ್ ಸರ್ಕಾರ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿ, ಕೊಟೊನೂ ಹತ್ತಿರದ ಗ್ಲೊ-ಜಿಗ್ಬೆ ಕೈಗಾರಿಕಾ ವಲಯದಲ್ಲಿ ಒಡೆಯಿರಿ ಎಂದಿತು. ಐವರಿ ಕೋಸ್ಟ್ ಆ ದಾರಿ ಹಿಡಿಯದೆ, ಒಡೆಯುವವರಿಗೆ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ.

ಇಲ್ಲಿ ಹೇಳುತ್ತಿರುವುದು ಆ ದೇಶದ ನಡುಮಧ್ಯದ ಬುವಾಕೆ ಪಟ್ಟಣದಲ್ಲಿ, ವರ್ಷಕ್ಕೆ 5,000 ಟನ್ ಕಚ್ಚಾ ಬೀಜ ಒಡೆಯುವ ಒಂದು ಕಾರ್ಖಾನೆಯ ಕೆಲಸ. ಅಬಿದ್ಜಾನ್ ಬಂದರಿನಿಂದ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಯಂತ್ರ ಕೂರಿಸಿ ಮೊದಲ ಹಂಗಾಮು ದಾಟಿಸಿದ ಮೇಲೆ ನಮಗೆ ಖಚಿತವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಲಾಭ ನಷ್ಟ ತೀರ್ಮಾನವಾಗುವುದು ಚಿಪ್ಪು ಸೀಳುವ ಕಟಿಂಗ್ ಯಂತ್ರದ ಮುಂದೆ ಅಲ್ಲ. ಫೆಬ್ರವರಿಯಿಂದ ಮೇ ತನಕದ ಖರೀದಿಯಲ್ಲಿ, ಒಣಗಿಸುವ ಅಂಗಳದಲ್ಲಿ ಅರ್ಧ ಲೆಕ್ಕ ಮುಗಿದಿರುತ್ತದೆ.

ಖರೀದಿಯ ಹಣದಿಂದಲೇ ಶುರು ಮಾಡೋಣ. ಹಂಗಾಮಿನ ಆರಂಭದಲ್ಲಿ ಸರ್ಕಾರ ರೈತನಿಗೆ ಸಿಗಬೇಕಾದ ಕನಿಷ್ಠ ಬೆಲೆ ಘೋಷಿಸುತ್ತದೆ. 2024ರಲ್ಲಿ ಅದು ಕಿಲೋಗೆ ಅಲ್ಲಿನ ನಾಣ್ಯದಲ್ಲಿ 275 ಸಿಎಫ್‌ಎ ಫ್ರಾಂಕ್ ಇತ್ತು, 2025ರಲ್ಲಿ 425. ಕಾರ್ಖಾನೆ ಹನ್ನೆರಡು ತಿಂಗಳು ನಡೆಯಬೇಕಾದರೆ ಇಡೀ ವರ್ಷದ ಬೀಜವನ್ನು ಮೂರು ತಿಂಗಳಲ್ಲಿ ಕೊಂಡಿಡಬೇಕು. 5,000 ಟನ್ನಿಗೆ 425ರಂತೆ ತೋಟದ ಬಾಗಿಲಲ್ಲೇ 212 ಕೋಟಿ ಫ್ರಾಂಕ್, ಅಂದರೆ ಸುಮಾರು 32 ಲಕ್ಷ ಯುರೋ. ಸಾಗಣೆ, ಗೋಣಿ, ದಲ್ಲಾಳಿ ಬೇರೆ. ಈ ಹಣ ಸರಾಸರಿ ಆರು ತಿಂಗಳು ಗೋದಾಮಿನಲ್ಲಿ ಮಲಗಿರುತ್ತದೆ, ಅದರ ಬಡ್ಡಿ ಎದ್ದು ಓಡುತ್ತಿರುತ್ತದೆ. ಕಚ್ಚಾ ಬೀಜದ ರಫ್ತುದಾರನಿಗೆ ಈ ಕಾಟವಿಲ್ಲ: ಇವತ್ತು ಕೊಂಡ, ಮುಂದಿನ ವಾರ ಹಡಗಿಗೆ ಹಾಕಿದ, ದುಡ್ಡು ತಿರುಗಿತು. ಹಾಗಾಗಿ ಅವನು ಕಿಲೋಗೆ 20 ಫ್ರಾಂಕ್ ಜಾಸ್ತಿ ಕೊಟ್ಟು ಎತ್ತಿಕೊಂಡು ಹೋಗಬಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಒಳ್ಳೆಯ ಯಂತ್ರವಿದ್ದೂ ಬಾಗಿಲು ಹಾಕಿದ ಬೀಜದ ಕಾರ್ಖಾನೆಗಳ ಕಥೆ ಕೇಳಿದರೆ, ಹೆಚ್ಚಿನವು ಇದೇ ಜಾಗದಲ್ಲಿ ಎಡವಿದವು. ಮೇ ತಿಂಗಳಿಗೆ ಗೋದಾಮು ಅರ್ಧ ಖಾಲಿ, ಸೆಪ್ಟೆಂಬರಿಗೆ ಬಾಯ್ಲರ್ ತಣ್ಣಗೆ. ಯಂತ್ರಕ್ಕೆ ಸಾಲ ತರುವ ಮೊದಲು ಬೀಜಕ್ಕೆ ಸಾಲ ಗೊತ್ತು ಮಾಡಿಕೊಳ್ಳಬೇಕು.

ಹಳ್ಳಿಯಿಂದ ಬೀಜ ತರುವವರನ್ನು ಅಲ್ಲಿ 'ಪಿಸ್ತೇರ್' ಅನ್ನುತ್ತಾರೆ. ಕಾಡುದಾರಿ ಹಿಡಿದು ತೋಟದಿಂದ ತೋಟಕ್ಕೆ ತಿರುಗುವ ಸಣ್ಣ ವ್ಯಾಪಾರಿ. ಒಳ್ಳೆಯ ಪಿಸ್ತೇರ್ ಒಬ್ಬ ಸಿಕ್ಕರೆ ತೇವ ಅಳೆಯುವ ಮೀಟರು ಹತ್ತಕ್ಕೆ ಸಮ. ಆತ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಒಣಗಿದ್ದರೆ ಗಲಗಲ ಸದ್ದು. ಹೆಬ್ಬೆರಳ ಉಗುರು ಒತ್ತಿ ನೋಡುತ್ತಾನೆ. ಗುರುತು ಬಿದ್ದರೆ ಹಸಿ. ಮೋಸಗಳೂ ಗೊತ್ತಿರುವಂಥವೇ: ಗೋಣಿಯ ನಡುವೆ ಕಲ್ಲು, ತೂಕಕ್ಕೆ ನೀರು ಚಿಮುಕಿಸಿದ ಬೀಜ, ಹೋದ ವರ್ಷದ ಮಂಕುಬಣ್ಣದ ಬೀಜವನ್ನು ಹೊಸದರ ಜೊತೆ ಬೆರೆಸಿದ್ದು. ಇವಕ್ಕಿಂತ ದೊಡ್ಡ ನಷ್ಟ ತರುವುದು ಯಾರೂ ಮೋಸವೆಂದು ಎಣಿಸದ ಒಂದು ಆತುರ. ಬೆಲೆ ಏರಿದ ದಿನ ಮಕ್ಕಳು ಮರ ಹತ್ತಿ ಹಣ್ಣನ್ನು ಕಿತ್ತು ಬೀಜ ತೆಗೆಯುತ್ತಾರೆ. ತಾನಾಗಿ ಉದುರದ ಬೀಜದೊಳಗೆ ತಿರುಳು ತುಂಬಿರುವುದಿಲ್ಲ, ಒಣಗಿಸಿದಾಗ ಸುರುಟುತ್ತದೆ.

ಗುಣಮಟ್ಟವನ್ನು ಅಳೆಯುವುದು ಔಟ್‌ಟರ್ನ್‌ನಿಂದ. 80 ಕಿಲೋ ಗೋಣಿಯಲ್ಲಿ ಎಷ್ಟು ಪೌಂಡ್ ಉಪಯೋಗಕ್ಕೆ ಬರುವ ತಿರುಳಿದೆ ಎಂಬ ಲೆಕ್ಕ ಅದು. ಲಾರಿ ಬಂದಾಗ ಗೋಣಿಗಳ ಮೇಲೆ, ನಡುವೆ, ತಳದಿಂದ ಬೀಜ ತೆಗೆದು ರಾಶಿ ಮಾಡಿ, ಚೆನ್ನಾಗಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು ಮತ್ತೆ ಕಲಸಬೇಕು. ಹೀಗೆ ಇಳಿಸುತ್ತಾ ಬಂದು ಸರಿಯಾಗಿ 1 ಕಿಲೋ ತೂಗಬೇಕು. ಮೊದಲು ಎಣಿಕೆ: ಕಿಲೋಗೆ 180ರಿಂದ 210 ಬೀಜ ಇದ್ದರೆ ಸರಿ, 220 ದಾಟಿದರೆ ಸಣ್ಣ ಬೀಜ. ಆಮೇಲೆ ಕೈಕತ್ತರಿಯಲ್ಲಿ ಒಂದೊಂದನ್ನೂ ಸೀಳಿ ತಿರುಳು ಬಿಡಿಸಿ ಗುಂಪು ಮಾಡಬೇಕು: ಒಳ್ಳೆಯದು, ಚುಕ್ಕೆ ಬಿದ್ದದ್ದು ಅಥವಾ ಸುರುಟಿದ್ದು, ಬೂಷ್ಟು ಹಿಡಿದದ್ದು, ಖಾಲಿ. ಒಳ್ಳೆಯದರ ಪೂರ್ತಿ ತೂಕ, ಚುಕ್ಕೆಯದರ ಅರ್ಧ ತೂಕ ಮಾತ್ರ ಲೆಕ್ಕಕ್ಕೆ. ಒಳ್ಳೆಯದು 245 ಗ್ರಾಂ, ಚುಕ್ಕೆಯದು 40 ಗ್ರಾಂ ಬಂದರೆ 265 ಗ್ರಾಂ. 80ರಿಂದ ಗುಣಿಸಿ ಪೌಂಡಿಗೆ 453.6 ಗ್ರಾಮಿನಂತೆ ಭಾಗಿಸಿದರೆ 46.7. ಆ ಸೀಮೆಗೆ ಇದು ಸಾಧಾರಣ ಬೀಜ. ಗಿನಿ ಬಿಸಾವ್‌ನದು 50 ದಾಟುವುದರಿಂದಲೇ ಅದಕ್ಕೆ ಬೇಡಿಕೆ ಹೆಚ್ಚು.

ಈ ಕೆಲಸದಲ್ಲಿ ಉದಾಸೀನ ಸಲ್ಲದು. 5,000 ಟನ್ನಿನ ಖರೀದಿಯಲ್ಲಿ ಔಟ್‌ಟರ್ನ್ ಒಂದೇ ಒಂದು ಪೌಂಡ್ ತಪ್ಪಿ ಅಂದಾಜಾದರೆ 28 ಟನ್ ತಿರುಳು ಕಾಗದದಲ್ಲಿ ಇರುತ್ತದೆ, ಗೋದಾಮಿನಲ್ಲಿ ಇರುವುದಿಲ್ಲ. ಮೊದಲ ಹದಿನೈದು ದಿನ ನಮ್ಮ ಮಾದರಿಗಳು ಗೋಣಿಯ ಬಾಯಿಯಿಂದಷ್ಟೇ ಬರುತ್ತಿದ್ದವು, ಲೋಡ್ ಇಳಿಸುವ ಅವಸರದಲ್ಲಿ. ಬಾಯಿಯ ಬೀಜ ಗಾಳಿಗೆ ಒಣಗಿರುತ್ತದೆ, ದಪ್ಪದ್ದನ್ನೇ ಮೇಲೆ ಸುರಿದಿರುತ್ತಾರೆ. ಮೊನಚು ಕೊಳವೆ ಚುಚ್ಚಿ ತಳದಿಂದ ತೆಗೆಯಲು ಶುರು ಮಾಡಿದ ಮೇಲೆ ಸಂಖ್ಯೆ ನಿಜವಾಯಿತು.

ತೇವದ ಲೆಕ್ಕ ಇನ್ನೂ ಸರಳ, ಆದರೂ ಕೈ ಸುಡುವುದು ಅಲ್ಲೇ. ಗೋದಾಮಿನಲ್ಲಿ ವರ್ಷ ಇಡುವ ಬೀಜ 8 ಶೇಕಡಾ ತೇವಕ್ಕೆ ಇಳಿದಿರಬೇಕು. 12 ಶೇಕಡಾ ಇದ್ದ 100 ಕಿಲೋವನ್ನು 8ಕ್ಕೆ ಒಣಗಿಸಿದರೆ ಉಳಿಯುವುದು 95.6 ಕಿಲೋ. ಇಡೀ ಖರೀದಿ ಹಾಗಿದ್ದರೆ 217 ಟನ್ ನೀರಿಗೆ ಬೀಜದ ಬೆಲೆ ಕೊಟ್ಟಂತೆ, 9 ಕೋಟಿ ಫ್ರಾಂಕಿಗೂ ಹೆಚ್ಚು. ಫೆಬ್ರವರಿಯಲ್ಲಿ ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಎಂಬ ಒಣಗಾಳಿ ಇರುವಾಗ ಯಾರ ಹಂಗೂ ಬೇಡ, ಎರಡೇ ದಿನಕ್ಕೆ ಬೀಜ ಗಲಗಲ ಅನ್ನುತ್ತದೆ. ಮಾರ್ಚ್ ಕೊನೆಗೆ ಮಳೆ ಇಣುಕಿದ ಮೇಲೆ ಕಷ್ಟ ಶುರು. ಸಿಮೆಂಟ್ ಅಂಗಳದ ಮೇಲೆ ಐದಾರು ಸೆಂಟಿಮೀಟರ್ ದಪ್ಪಕ್ಕಷ್ಟೇ ಹರಡಿ, ಗಂಟೆಗೊಮ್ಮೆ ಕಾಲಿನಲ್ಲಿ ಸಾಲು ಎಳೆದು ತಿರುವಿ, ಸಂಜೆ ಐದಕ್ಕೆ ಮೊದಲೇ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಬಿಸಿ ಬೀಜವನ್ನು ನೇರ ಗೋಣಿಗೆ ತುಂಬಿದರೆ ಒಳಗೇ ಬೆವರುತ್ತದೆ. ರಾತ್ರಿಯಿಡೀ ಆರಿಸಿ ಬೆಳಿಗ್ಗೆ ತುಂಬಬೇಕು. ಗೋಣಿ ಸೆಣಬಿನದೇ ಆಗಬೇಕು. ಪ್ಲಾಸ್ಟಿಕ್ ಚೀಲ ಅಗ್ಗ, ಆದರೆ ಒಳಗಿನ ಉಸಿರು ಹೊರಬಾರದೆ ತಿರುಳು ಹಳದಿಯಾಗುತ್ತದೆ. ಗೋದಾಮಿನಲ್ಲಿ ಮರದ ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಮೀಟರ್ ಬಿಟ್ಟು ಅಟ್ಟಿ. ಬಿಸಿಲಿರುವಾಗ ಬಾಗಿಲು ತೆರೆ, ಮಳೆ ಬಂದಾಗ ಮುಚ್ಚು. ನೆಲದಿಂದ ಎರಡನೇ ಸಾಲಿನ ಗೋಣಿಯೊಳಗೆ ವಾರಕ್ಕೊಮ್ಮೆ ಕೈ ಹಾಕಿ ನೋಡಬೇಕು. ಬೆಚ್ಚಗಿದ್ದರೆ ಆ ಅಟ್ಟಿಯನ್ನು ಅಂದೇ ಕಿತ್ತು ಅಂಗಳಕ್ಕೆ ತರಬೇಕು, ನಾಳೆಗೆ ಇಡಬಾರದು.

ಒಡೆಯುವ ಕೆಲಸ ಜರಡಿಯಿಂದ ಆರಂಭ. ತಿರುಗುವ ಉರುಳೆ ಜರಡಿಯಲ್ಲಿ 18, 20, 22, 24 ಮಿಲಿಮೀಟರ್ ತೂತುಗಳಿಂದ ಬೀಜ ಗಾತ್ರವಾರು ಬೀಳುತ್ತದೆ. ಇದನ್ನು ಸಣ್ಣ ಕೆಲಸ ಎಂದುಕೊಂಡವರು ಮುಂದೆ ಪ್ರತಿ ಹಂತದಲ್ಲೂ ದಂಡ ಕಟ್ಟುತ್ತಾರೆ: ಬೇಯುವ ಹೊತ್ತು, ಬ್ಲೇಡಿನ ಅಂತರ ಎರಡೂ ಗಾತ್ರದ ಮೇಲೆ ನಿಂತಿವೆ. ಜರಡಿ ತೂತಿನಲ್ಲಿ ಒಣಹಣ್ಣಿನ ಚೂರು ಕಟ್ಟಿಕೊಂಡರೆ ಸಣ್ಣ ಬೀಜ ದೊಡ್ಡದರ ಪಾಲಿಗೆ ಹೋಗುತ್ತದೆ, ಕಟಿಂಗ್‌ನಲ್ಲಿ ಒಡೆಯದೇ ಹೊರಬರುತ್ತದೆ.

ಆಮೇಲೆ ಹಬೆ. ಬಾಯ್ಲರಿನ ಹಬೆಯಲ್ಲಿ ಕುಕ್ಕರಿನೊಳಗೆ ಬೀಜ ಬೇಯಿಸುವುದು ತಿರುಳು ಬೇಯಲೆಂದಲ್ಲ. ಚಿಪ್ಪು ಮೆತ್ತಗಾಗಿ ಉಬ್ಬಿ, ಮತ್ತೆ ತಣ್ಣಗಾದಾಗ ಬಿರುಸಾಗಿ, ತಿರುಳು ಗೋಡೆ ಬಿಟ್ಟು ಈಚೆ ಬರಬೇಕು. ಕುಕ್ಕರಿನ ಒತ್ತಡ, ಬೀಜದ ಗಾತ್ರ, ಅದು ಎಷ್ಟು ತಿಂಗಳು ಹಳೆಯದು ಇವನ್ನು ನೋಡಿ ಹತ್ತರಿಂದ ಇಪ್ಪತ್ತು ನಿಮಿಷದೊಳಗೆ ಹೊತ್ತು ನಿಗದಿ. ಹೊಸ ಲಾಟ್ ಬಂದಾಗಲೆಲ್ಲ ಎರಡೆರಡು ನಿಮಿಷ ಹೆಚ್ಚು ಕಡಿಮೆ ಮಾಡಿ ಮೂರು ಸಣ್ಣ ಕಂತು ಬೇಯಿಸಿ, ಮರುದಿನ ನೂರು ನೂರು ಬೀಜ ಸೀಳಿ, ಇಡಿಯಾಗಿ ಬಂದದ್ದನ್ನು ಎಣಿಸುವುದು ನಮ್ಮ ಪದ್ಧತಿ. ಬೆಂದದ್ದು ಕಡಿಮೆಯಾದರೆ ಚಿಪ್ಪು ರಬ್ಬರಿನಂತೆ ಜಗ್ಗಿ ಬ್ಲೇಡಿಗೆ ಅಂಟುತ್ತದೆ. ಹೆಚ್ಚಾದರೆ ತಿರುಳಿಗಂಟಿದ ತೆಳು ಸಿಪ್ಪೆಯ ಬಣ್ಣ ತಿರುಳಿಗೆ ಇಳಿದು ಬಿಳಿ ಹೋಗುತ್ತದೆ, ಬಣ್ಣ ಹೋದರೆ ದರ್ಜೆ ಹೋಯಿತು. ಬೆಂದ ಬೀಜವನ್ನು ನೆಲದ ಮೇಲೆ ಒಂದು ಗೇಣಿಗಿಂತ ತೆಳ್ಳಗೆ ಹರಡಿ 12ರಿಂದ 18 ಗಂಟೆ ಆರಬಿಡಬೇಕು. ಹರ್ಮಟ್ಟಾನ್ ದಿನಗಳಲ್ಲಿ ಇಷ್ಟು ಹೊತ್ತು ಬಿಟ್ಟರೆ ಅತಿಯಾಗಿ ಒಣಗಿ ತಿರುಳು ಎರಡು ಹೋಳಾಗುತ್ತದೆ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟು ಹೊತ್ತು ಕಡಿಮೆ ಮಾಡಿದೆವು. ಕರಾವಳಿಯ ತೇವದ ಗಾಳಿಯಲ್ಲಿ ಕೆಲಸ ಕಲಿತ ಮೇಸ್ತ್ರಿಗಳಿಗೆ ಇದು ಮೊದಲು ಹೊಳೆಯುವುದಿಲ್ಲ. ಮಂಗಳೂರಿನಲ್ಲಿ ಸರಿಬಂದ ಹೊತ್ತು ಬುವಾಕೆಯಲ್ಲಿ ಜನವರಿಗೊಂದು, ಜೂನ್‌ಗೊಂದು.

ಬಾಯ್ಲರಿಗೆ ಉರುವಲು ಬೀಜದ ಚಿಪ್ಪೇ. ಬೀಜದ ತೂಕದಲ್ಲಿ ಸುಮಾರು 70 ಶೇಕಡಾ ಚಿಪ್ಪು, ಆದ್ದರಿಂದ ಕೊರತೆಯಿಲ್ಲ. ಆದರೆ ಎಣ್ಣೆ ತೆಗೆಯದ ಚಿಪ್ಪನ್ನು ಹಾಗೇ ಸುರಿದರೆ ಕಣ್ಣು ಗಂಟಲು ಉರಿಸುವ ಹೊಗೆ, ಕೊಳವೆಗಳ ಮೇಲೆ ಟಾರಿನಂಥ ಅಂಟು, ತಿಂಗಳಿಗೊಮ್ಮೆ ಚಿಮಣಿ ಕೆರೆಯುವ ಕೆಲಸ. ಎಕ್ಸ್‌ಪೆಲ್ಲರ್‌ನಲ್ಲಿ ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಉರಿಸಿದರೆ ಎರಡು ಲಾಭ: ಎಣ್ಣೆಗೆ ಬ್ರೇಕ್ ಲೈನಿಂಗ್, ಪೇಂಟು ಮಾಡುವವರ ಬೇಡಿಕೆ ಇದೆ, ಉರಿಯೂ ಸ್ವಚ್ಛ. ಬಾಯ್ಲರಿನ ನೀರು ಇನ್ನೊಂದು ಚಿಂತೆ. 2018ರ ಬರದಲ್ಲಿ ಬುವಾಕೆಗೆ ನೀರು ಕೊಡುವ ಲೊಕಾ ಜಲಾಶಯ ಒಣಗಿ, ಊರ ನಲ್ಲಿಗಳೇ ಬಹುಕಾಲ ಬತ್ತಿದ್ದವು. ಅಲ್ಲಿ ಕಾರ್ಖಾನೆ ಕಟ್ಟುವವರು ಸ್ವಂತ ಕೊಳವೆಬಾವಿ, ಮೃದುಗೊಳಿಸುವ ಘಟಕ, ಒಂದು ವಾರದ ತೊಟ್ಟಿ ಇಲ್ಲದೆ ಮುಂದೆ ಹೋಗಬಾರದು.

ಕಟಿಂಗ್‌ಗೆ ಎರಡು ದಾರಿ. ಕೈ ಮತ್ತು ಕಾಲಿನಿಂದ ನಡೆಸುವ ನಮ್ಮೂರಿನ ಹಳೆಯ ಕತ್ತರಿ, ಅಥವಾ ವಿಯೆಟ್ನಾಮಿನ ಸ್ವಯಂಚಾಲಿತ ಯಂತ್ರ. ಕೈಯಲ್ಲಿ ಇಡಿ ತಿರುಳು ಹೆಚ್ಚು ಬರುತ್ತದೆ, ಆದರೆ ನೂರಾರು ನುರಿತ ಕೈ ಬೇಕು. ಕರಾವಳಿಯಲ್ಲಿ ಮೂರು ತಲೆಮಾರಿನ ಹೆಂಗಸರಿಗೆ ಈ ಕೆಲಸ ಕೈಗತವಾಗಿದೆ. ಬುವಾಕೆಯಲ್ಲಿ ಮೊದಲ ತಲೆಮಾರು ಈಗ ಕಲಿಯುತ್ತಿದೆ. ಯಂತ್ರದಲ್ಲಿ ಒಳಬಾಗಿದ ಎರಡು ಬ್ಲೇಡು ಬೀಜವನ್ನು ಅಪ್ಪಿ ಹಿಡಿದು, ಚಿಪ್ಪಿನ ದಪ್ಪದಷ್ಟು, ಅಂದರೆ ಮೂರು ಮಿಲಿಮೀಟರಿನ ಆಸುಪಾಸು ಮಾತ್ರ ಒಳಗಿಳಿದು ತಿರುಚುತ್ತವೆ. ಇನ್ನಷ್ಟು ಇಳಿದರೆ ತಿರುಳಿಗೆ ಗಾಯ, ಕಡಿಮೆಯಾದರೆ ಬೀಜ ಒಡೆಯದೆ ಹೊರಕ್ಕೆ. ಒಡೆಯದೆ ಬಂದದ್ದು 10-15 ಶೇಕಡಾ ಇದ್ದರೆ ಗಾಬರಿ ಬೇಡ, ಮತ್ತೆ ಜರಡಿ ಹಿಡಿದು ಹಾಕಿದರಾಯಿತು. ಅದನ್ನು ಸೊನ್ನೆಗೆ ತರುತ್ತೇನೆಂದು ಬ್ಲೇಡು ಬಿಗಿ ಮಾಡುವ ಮೆಕ್ಯಾನಿಕ್ ಇಡಿ ತಿರುಳನ್ನು ತುಂಡು ಮಾಡಿ ಕೊಡುತ್ತಾನೆ. ಇಡಿ ತಿರುಳಿಗೂ ತುಂಡಿಗೂ ಬೆಲೆಯಲ್ಲಿ ಅಜಗಜಾಂತರ.

ಬಿಡಿಭಾಗದ ವಿಷಯ ಒತ್ತಿ ಹೇಳಬೇಕು. ಬ್ಲೇಡು, ಸ್ಪ್ರಿಂಗು, ಬೇರಿಂಗು, ಕಂಪಿಸುವ ಜರಡಿಯ ರಬ್ಬರು ಬುವಾಕೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಹಡಗಿನಲ್ಲಿ ಅಬಿದ್ಜಾನ್‌ಗೆ ಬಂದು, ಸುಂಕ ದಾಟಿ ಕೈ ಸೇರಲು ತಿಂಗಳುಗಳೇ ಬೇಕು. ಯಂತ್ರ ಕೊಳ್ಳುವಾಗಲೇ ವರ್ಷದ ಬ್ಲೇಡು ತರಿಸಿಡಬೇಕು. ಊರಿನ ಲೇತ್ ಅಂಗಡಿಯವರು ಬೋಲ್ಟು, ಬುಶ್, ಶಾಫ್ಟುಗಳನ್ನು ಸೊಗಸಾಗಿ ಮಾಡಿಕೊಡುತ್ತಾರೆ. ಬ್ಲೇಡಿಗೆ ಬೇಕಾದ ಉಕ್ಕು, ಅದರ ಹದ ಅವರ ಕೈಗೆ ಸಿಗದು. ಹದವಿಲ್ಲದ ಬ್ಲೇಡು ಎರಡೇ ಪಾಳಿಗೆ ಮೊಂಡಾಗುತ್ತದೆ.

ಚಿಪ್ಪಿನ ಎಣ್ಣೆ ಕೈ ಸುಡುತ್ತದೆ. ನಮ್ಮಲ್ಲಿ ಹರಳೆಣ್ಣೆ, ಬೂದಿ. ಅಲ್ಲಿ ತಾಳೆ ಎಣ್ಣೆ, ಶಿಯಾ ಬೆಣ್ಣೆ. ಇವು ಒಂದಿಷ್ಟು ತಡೆಯುತ್ತವೆ, ಸಾಲವು. ಒಳಗೆ ಹತ್ತಿಯ, ಮೇಲೆ ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ ಕೊಡಲೇಬೇಕು, ಹರಿದ ದಿನವೇ ಬದಲಿಸಬೇಕು. ತುಂಡುಗೂಲಿಯಲ್ಲಿ ಕೆಲಸ ಮಾಡುವವರು ಕೈಗವಸು ಹಾಕಿದರೆ ವೇಗ ಕಡಿಮೆಯೆಂದು ತೆಗೆದಿಡುತ್ತಾರೆ. ಕೂಲಿಯ ದರವನ್ನು ಕೈಗವಸು ಹಾಕಿದ ವೇಗಕ್ಕೆ ಕಟ್ಟಬೇಕು, ತಪ್ಪು ಅವರ ಮೇಲೆ ಹೊರಿಸಬಾರದು. 2023ರಿಂದ ಆ ದೇಶದಲ್ಲಿ ತಿಂಗಳ ಕನಿಷ್ಠ ವೇತನ 75,000 ಫ್ರಾಂಕ್. ನಿಧಾನವಾಗಿ ಕಲಿಯುವವರಿಗೂ ಅಷ್ಟು ಸಿಗುವಂತೆ ಮೊದಲ ಮೂರು ತಿಂಗಳು ದಿನಗೂಲಿ ಇಟ್ಟರೆ ಜನ ನಿಲ್ಲುತ್ತಾರೆ. ಹಿರಿಯ ಹೆಂಗಸರನ್ನು ಅಲ್ಲಿ 'ತಾಂತಿ' ಎಂದು ಕರೆಯುವುದು ಮರ್ಯಾದೆ. ತಿರುಳಿನ ಸಿಪ್ಪೆ ತೆಗೆಯುವ ಪೀಲಿಂಗ್ ಸಾಲಿಗೆ ಒಬ್ಬ ತಾಂತಿಯನ್ನು ಮೇಲ್ವಿಚಾರಣೆಗೆ ಇಟ್ಟ ಮೇಲೆ ತುಂಡಾಗುವುದು ನಮ್ಮ ಎಲ್ಲ ನೋಟೀಸುಗಳಿಗಿಂತ ಬೇಗ ಇಳಿಯಿತು. ಈಸ್ಟರ್ ವಾರ ಆ ಸೀಮೆಯ ಬಾವುಲೆ ಜನಾಂಗದವರೆಲ್ಲ 'ಪಾಕಿನೂ' ಹಬ್ಬವೆಂದು ಹಳ್ಳಿಗೆ ಹೋಗುತ್ತಾರೆ; ಅದು ಖರೀದಿಯ ತುತ್ತತುದಿಯ ಕಾಲ. ಮಳೆ ಹಿಡಿದ ಮೇಲೆ ಗೆಣಸು, ಭತ್ತದ ಹೊಲ ಕರೆಯುತ್ತದೆ. ಬಾಯ್ಲರ್ ತಪಾಸಣೆ, ಯಂತ್ರಗಳ ದೊಡ್ಡ ರಿಪೇರಿಯನ್ನು ಈ ವಾರಗಳಿಗೇ ಇಟ್ಟುಕೊಳ್ಳುವುದು ಜಾಣತನ.

ಚಿಪ್ಪು ಬಿಟ್ಟ ತಿರುಳು ಬೋರ್ಮಾಕ್ಕೆ, ಅಂದರೆ ಒಣಗಿಸುವ ಗೂಡಿಗೆ ಹೋಗುತ್ತದೆ. ತಂತಿಜಾಲದ ತಟ್ಟೆಗಳಲ್ಲಿ 70-75 ಡಿಗ್ರಿ ಬಿಸಿಗಾಳಿ, ಆರರಿಂದ ಎಂಟು ಗಂಟೆ. ತೇವ 4 ಶೇಕಡಾ ಹತ್ತಿರಕ್ಕೆ. ಮೇಲಿನ ತಟ್ಟೆ ಮೊದಲು ಬೇಯುತ್ತದೆ, ಆದ್ದರಿಂದ ಎರಡು ಗಂಟೆಗೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅವಸರಕ್ಕೆ 85 ಡಿಗ್ರಿ ಏರಿಸಿದರೆ ಮೈ ಕಂದುತ್ತದೆ, ಒಳಗೆ ತೇವ ಹಾಗೇ. ಬೋರ್ಮಾದಿಂದ ಬಂದ ತಿರುಳು ಗಾಜಿನಂತೆ ಬಿರುಸು. ತಣಿದು, ಗಾಳಿಯ ತೇವ ಸ್ವಲ್ಪ ಹೀರಿಕೊಂಡ ಮೇಲೆಯೇ ಪೀಲಿಂಗ್‌ಗೆ ಹಾಕಬೇಕು.

ಪೀಲಿಂಗ್ ಯಂತ್ರ 6-8 ಬಾರ್ ಒತ್ತಡದ ಗಾಳಿಯಲ್ಲಿ ತಿರುಳನ್ನು ತಿರುಗಿಸಿ ಸಿಪ್ಪೆ ಹಾರಿಸುತ್ತದೆ. ಕಾರ್ಖಾನೆಯಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವುದು ಇದರ ಕಂಪ್ರೆಸರ್. ಗಾಳಿಯಲ್ಲಿ ನೀರಿದ್ದರೆ ಸಿಪ್ಪೆ ಬಿಡುವ ಬದಲು ಅಂಟುತ್ತದೆ. ಏರ್ ಡ್ರೈಯರ್ ಕೆಟ್ಟಿದ್ದನ್ನು ಗಮನಿಸದೆ ನಾವು ಮೂರು ದಿನ ಬೋರ್ಮಾವನ್ನು ದೂರಿದ್ದೆವು. ಕರೆಂಟು ಹೋಗಿ ಒತ್ತಡ ಇಳಿದರೆ ಅರ್ಧ ಸಿಪ್ಪೆಯ ತಿರುಳು ಎರಡನೇ ಸಲ ಯಂತ್ರ ಹೊಗಬೇಕು, ಪ್ರತಿ ಸುತ್ತಿಗೂ ಇಡಿ ತಿರುಳು ತುಂಡಾಗುತ್ತದೆ. ಡೀಸೆಲ್ ಜನರೇಟರಿನಲ್ಲಿ ಕಂಪ್ರೆಸರ್ ಓಡಿಸುವ ದಿನ ಲಾಭದ ಮಾತೇ ಇಲ್ಲ. ಈ ಕಾರಣಕ್ಕೇ ಆಫ್ರಿಕಾದ ಹಲವು ಕಾರ್ಖಾನೆಗಳು ಚಿಪ್ಪು ತೆಗೆದು, ಬೋರ್ಮಾ ಮಾಡಿ, ಸಿಪ್ಪೆ ಸಮೇತ ವಿಯೆಟ್ನಾಮಿಗೆ ಕಳಿಸುತ್ತವೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಎರಡು ವರ್ಷಕ್ಕೆ ಅದೊಂದು ಯೋಗ್ಯ ಮೆಟ್ಟಿಲು. ಅಲ್ಲೇ ನಿಂತರೆ ಹೆಚ್ಚು ಹೆಂಗಸರಿಗೆ ಕೆಲಸ ಕೊಡುವ ಪೀಲಿಂಗ್, ದರ್ಜೆವಾರು ವಿಂಗಡಿಸುವ ಗ್ರೇಡಿಂಗ್ ಎರಡೂ ಊರು ಬಿಟ್ಟು ಹೋಗುತ್ತವೆ.

ಗ್ರೇಡಿಂಗ್ ನಮ್ಮವರಿಗೆ ಗೊತ್ತಿರುವುದೇ. ಡಬ್ಲ್ಯೂ 320 ಎಂದರೆ ಪೌಂಡಿಗೆ 300ರಿಂದ 320 ಇಡಿ ತಿರುಳು, ಡಬ್ಲ್ಯೂ 240 ಎಂದರೆ 220ರಿಂದ 240. ಆ ಸೀಮೆಯ ಬೀಜದಲ್ಲಿ 320, 450 ಹೆಚ್ಚು, 180 ಅಪರೂಪ. ಗ್ರೇಡಿಂಗ್ ಕೋಣೆಯಲ್ಲಿ ಟ್ಯೂಬ್‌ಲೈಟು ಬಿಳಿಯದಾಗಿರಲಿ. ಹಳದಿ ಬೆಳಕಿನಲ್ಲಿ ಕಂದಿದ ತಿರುಳೂ ಬಿಳಿಯಾಗಿಯೇ ಕಾಣುತ್ತದೆ.

ಪ್ಯಾಕಿಂಗ್ 22.68 ಕಿಲೋ, ಅಂದರೆ 50 ಪೌಂಡಿನ ಚೀಲ. ಗಾಳಿ ಎಳೆದು ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರೋಜನ್ ತುಂಬಿ ಸೀಲು ಮಾಡಿ ರಟ್ಟಿನ ಪೆಟ್ಟಿಗೆಗೆ. ಸೀಲಿಗೆ ಮೊದಲು ತೇವ 5 ಶೇಕಡಾ ಮೀರಿರಬಾರದು. ಸೀಲಾದ ಚೀಲವನ್ನು ಒಂದು ರಾತ್ರಿ ಹಾಗೇ ಇಟ್ಟು ಬೆಳಿಗ್ಗೆ ಒತ್ತಿ ನೋಡಬೇಕು. ನೂರಕ್ಕೆ ಒಂದೆರಡರ ಬಿಗಿ ಸಡಿಲಾಗಿರುತ್ತದೆ. ಬಿಡಿಸಿ ಮತ್ತೆ ಸೀಲು ಮಾಡದೆ ಕಳಿಸಿದರೆ ಹಡಗಿನಲ್ಲಿ ಹುಳು ಹಿಡಿದು ಇಡೀ ಲಾಟ್ ತಿರಸ್ಕಾರಕ್ಕೆ ಕಾರಣವಾಗುತ್ತದೆ.

20 ಅಡಿಯ ಕಂಟೇನರಿಗೆ ಇಂಥ 700 ಪೆಟ್ಟಿಗೆ, 15.87 ಟನ್. 5,000 ಟನ್ ಬೀಜದಿಂದ ಸಿಪ್ಪೆ, ತೇವ ಕಳೆದು ಕೈಗೆ ಸಿಗುವ ತಿರುಳು ಸಾವಿರ ಟನ್ ಆಸುಪಾಸು. ಅಂದರೆ ವಾರಕ್ಕೆ ಒಂದಕ್ಕಿಂತ ತುಸು ಹೆಚ್ಚು ಕಂಟೇನರು. ತುಂಬುವ ಮೊದಲು ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡು ನೋಡಬೇಕು: ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಆ ಕಂಟೇನರ್ ಬೇಡ. ನೆಲ ಒದ್ದೆಯಿದ್ದರೂ, ಹಿಂದಿನ ಸರಕಿನ ವಾಸನೆ ಇದ್ದರೂ ಬೇಡ. ಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ಮೇಲಿನ ಕೊಂಡಿಗಳಿಗೆ ತೂಗುಹಾಕಬೇಕು. ಹಗಲು ಕಾದು ರಾತ್ರಿ ತಣಿಯುವ ತಗಡಿನ ಚಾವಣಿಯಿಂದ ಒಳಗೇ ಹನಿ ಉದುರುತ್ತದೆ. ಕೊನೆಯ ಸಾಲು ಕಟ್ಟಿದ ಮೇಲೆ ಆ ಲಾಟ್‌ನ ಎರಡು ಕಿಲೋ ಮಾದರಿಯನ್ನು ದಿನಾಂಕ, ಬೇಯಿಸಿದ ಕಂತಿನ ಸಂಖ್ಯೆ, ಕಚ್ಚಾ ಬೀಜ ಬಂದ ಹಳ್ಳಿಯ ಹೆಸರು ಬರೆದು ಕಾರ್ಖಾನೆಯ ಕಪಾಟಿನಲ್ಲಿ ಇಡುತ್ತೇವೆ. ಕೊಂಡವರಿಂದ ದೂರು ಬರುವುದು ಎರಡು ಮೂರು ತಿಂಗಳ ಮೇಲೆ, ಆಗ ಬಿಚ್ಚಿ ನೋಡಲು ಇರುವುದು ಆ ಪೊಟ್ಟಣವೊಂದೇ.